ಸೊಂಟದ ರಿವಾಲ್ವರು, ಜೇಬಿನ ಹುರಿಗಡಲೆ

ನಮ್ಮಣ್ಣಯ್ಯ ತೀರಿಕೊಂಡಾಗ ಬಂದವರೆಲ್ಲ ಅವನ ಬಾಯಿಗೆ ಎರಡೆರಡು ಅಕ್ಕಿಕಾಳು ಹಾಕಿದರು. ಮಕ್ಕಳು ಹಾಕಿದರು, ಸೊಸೆಯರು ಹಾಕಿದರು, ನಮ್ಮೂರು ಪೂರಿಗಾಲಿಯಿಂದ ಬಂದ ದಾಯಾದಿಗಳು ಹಾಕಿದರು. ಒಡಹುಟ್ಟಿದವಳು ನಾನೊಬ್ಬಳೇ ಹಾಕಲಿಲ್ಲ. ಮುಷ್ಟಿಯಲ್ಲಿ ಅಕ್ಕಿ ಹಿಡಿದುಕೊಂಡು ಅವನ ತಲೆದೆಸೆಯಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ಹಿಂದಕ್ಕೆ ಬಂದುಬಿಟ್ಟೆ. ನೋಡಿದವರು ಅದಕ್ಕೊಂದು ಅರ್ಥ ಮಾಡಿಕೊಂಡರು. ಅಣ್ಣ ತಂಗಿಗೆ ಜಮೀನಿನ ವಿಷಯದಲ್ಲಿ ಮನಸ್ತಾಪ ಇತ್ತಂತೆ ಎಂದು ಮಾತಾಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ಮನಸ್ತಾಪ ಇರಲಿಲ್ಲ. ನಾನು ಮುದುಕಿಯಾದದ್ದು ಅವನ ಮನೆಯಲ್ಲೇ. ಅಕ್ಕಿ ಹಾಕದೆ ಇದ್ದದ್ದಕ್ಕೆ ಕಾರಣ ಬೇರೆ.

ನಾನು ಓದಿದ್ದು ಪೂರಿಗಾಲಿ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸಿನವರೆಗೆ. ಆಮೇಲೆ ಕಲಿತದ್ದೆಲ್ಲ ಅಣ್ಣಯ್ಯ ತಂದುಕೊಡುತ್ತಿದ್ದ ವಾರಪತ್ರಿಕೆಗಳಿಂದ. ಅಕ್ಷರ ತಪ್ಪಿದರೆ ತಿದ್ದಿಕೊಂಡು ಓದಿ.

ಅವನು ಪೊಲೀಸು ಎಂದರೆ ಯಾರೂ ನಂಬುತ್ತಿರಲಿಲ್ಲ. ಕಡ್ಡಿಯ ಹಾಗಿದ್ದ. ಖಾಕಿ ಬಟ್ಟೆ ಗೂಟಕ್ಕೆ ನೇತುಹಾಕಿದ ಹಾಗೆ ಕಾಣುತ್ತಿತ್ತು. ಮೀಸೆ ಇತ್ತು, ಆದರೆ ಹೆದರಿಸುವಂಥದ್ದಲ್ಲ. ಕಾನ್‌ಸ್ಟೇಬಲ್ ಆಗಿ ಸೇರಿ, ಪರೀಕ್ಷೆ ಕಟ್ಟಿ ಕಟ್ಟಿ ದಫೇದಾರನಾಗಿ, ತಲೆಕೂದಲು ನೆರೆಯುವ ಹೊತ್ತಿಗೆ ಸಬ್‌ಇನ್‌ಸ್ಪೆಕ್ಟರಾದ. ಆಗಲೇ ಅವನ ಸೊಂಟಕ್ಕೆ ರಿವಾಲ್ವರು ಬಂದದ್ದು. ನಮ್ಮವ್ವ ಅದನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. "ಆ ಕಬ್ಬಿಣವ ಅತ್ಲಾಗಿ ಮಡಗ್ಲಾ" ಅನ್ನುತ್ತಿದ್ದಳು.

ನಾನು ಅವನ ಮನೆ ಸೇರಿದ್ದು ಅವನು ಮಳವಳ್ಳಿಯಲ್ಲಿ ಇದ್ದಾಗ. ಮದುವೆಯಾಗಿ ಎರಡನೇ ವರ್ಷಕ್ಕೆ ನನ್ನ ಗಂಡ ತೀರಿಕೊಂಡಿದ್ದರು. ಊರಲ್ಲಿ ಕೂತು ಎಲ್ಲರ ಮುಖ ನೋಡುವುದು ಬೇಡ ಎಂದು ಅಣ್ಣಯ್ಯನೇ ಬಂದು ಕರೆದುಕೊಂಡು ಹೋದ. ಪೊಲೀಸು ಮನೆಗಳ ಸಾಲಿನಲ್ಲಿ ಕೊನೆಯ ಮನೆ ನಮ್ಮದು. ಬೆಳಿಗ್ಗೆ ಡ್ಯೂಟಿಗೆ ಹೊರಡುವ ಗಂಡಸರಿಗೆ ನಾನು ಎದುರಾಗಬಾರದು ಎಂದು ಆ ಸಾಲಿನ ಹೆಂಗಸರು ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ಅದು ಅಣ್ಣಯ್ಯನಿಗೆ ಒಂದೇ ವಾರದಲ್ಲಿ ಗೊತ್ತಾಯಿತು. ಜಗಳಕ್ಕೆ ಹೋಗಲಿಲ್ಲ. ಮಾರನೇ ದಿನದಿಂದ ಹೊರಡುವ ಹೊತ್ತಿಗೆ ಬೀದಿಗೆ ಕೇಳುವ ಹಾಗೆ ನನ್ನನ್ನು ಕೂಗಿ, ಹೊಸ್ತಿಲಲ್ಲಿ ನಿಲ್ಲಿಸಿ, ನನ್ನ ಕೈಯಿಂದ ಒಂದು ಚೊಂಬು ನೀರು ಕುಡಿದು ಹೋಗುತ್ತಿದ್ದ. "ನಂಗೆ ಶಕುನ ಅಂದ್ರೆ ನೀನೇ ಕಣಮ್ಮಿ" ಅಂದಿದ್ದ ಒಂದು ಸಲ. ಒಂದೇ ಸಲ. ಆಮೇಲೆ ಮಾತಿಲ್ಲ, ನೀರು ಮಾತ್ರ.

ಅವನಿಗಿದ್ದ ಚಟ ಹುರಿಗಡಲೆ. ಬೀಡಿ ಇಲ್ಲ, ಎಲೆಅಡಿಕೆ ಇಲ್ಲ. ಷರಾಯಿಯ ಬಲಗಡೆ ಜೇಬಿನಲ್ಲಿ ಯಾವಾಗಲೂ ಒಂದು ಹಿಡಿ ಹುರಿಗಡಲೆ ಇರುತ್ತಿತ್ತು. ಯಾರದೋ ಹೇಳಿಕೆ ಬರೆದುಕೊಳ್ಳುವಾಗಲೂ ಎರಡು ಕಾಳು ಬಾಯಿಗೆ ಹೋಗುತ್ತಿತ್ತು. ಬಟ್ಟೆ ಒಗೆಯುವಾಗ ಆ ಜೇಬನ್ನು ಒಳಮಗ್ಗುಲು ಹೊರಗೆ ಮಾಡಿ ಕೊಡವುವುದು ನನಗೊಂದು ಪ್ರತ್ಯೇಕ ಕೆಲಸ. ಹಳದಿ ಹಿಟ್ಟು ಉದುರುತ್ತಿತ್ತು.

ಸಂಜೆ ಮನೆಗೆ ಬಂದವನು ಮೊದಲು ಮಾಡುತ್ತಿದ್ದದ್ದು ರಿವಾಲ್ವರಿನ ಚಾಕರಿ. ಜಗುಲಿಯ ಮೇಲೆ ಹಳೇ ಬನಿಯನ್ನು ಹಾಸಿ ಕೂರುತ್ತಿದ್ದ. ಅದರ ಮೇಲ್ಗಡೆ ಒಂದು ಗುಬುಟು. ಅದನ್ನು ಒತ್ತಿದರೆ ರಿವಾಲ್ವರು ನಡು ಮುರಿದ ಹಾಗೆ ಬಾಗಿ ತೆರೆದುಕೊಳ್ಳುತ್ತಿತ್ತು. ಆಗ ಆರು ತೂತಿನ ಉರುಳೆಯ ಒಳಗಿನಿಂದ ಹೂವಿನ ಹಾಗಿರುವ ಸಣ್ಣ ತಗಡೊಂದು ಮೇಲಕ್ಕೆ ಎದ್ದು, ಒಳಗಿದ್ದದ್ದನ್ನೆಲ್ಲ ಹೊರಗೆ ತಳ್ಳಿ, ಟಕ್ಕನೆ ಮತ್ತೆ ಕೂತುಬಿಡುತ್ತಿತ್ತು. ಆರು ಗುಂಡನ್ನೂ ಕಿಟಕಿಯ ಮೇಲೆ ಸಾಲಾಗಿ ನಿಲ್ಲಿಸಿ, ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಒಳಗೆಲ್ಲ ಉಜ್ಜಿ, ಹೊಲಿಗೆ ಮಿಷನ್ನಿನ ಎಣ್ಣೆ ಎರಡು ತೊಟ್ಟು ಬಿಡುತ್ತಿದ್ದ. ನಾನು ಪಕ್ಕದಲ್ಲಿ ಅಕ್ಕಿ ಆರಿಸುತ್ತಾ ಕೂತಿರುತ್ತಿದ್ದೆ. ನೋಡಿ ನೋಡಿ ತೆರೆಯುವುದು ಮುಚ್ಚುವುದು ನನಗೂ ಬಂದುಬಿಟ್ಟಿತ್ತು.

ಆಮೇಲೆ ಅಭ್ಯಾಸ. ಹಿತ್ತಿಲ ಗೋಡೆಗೆ ನನ್ನ ರವಿಕೆಯದೊಂದು ಕರಿ ಗುಂಡಿ ಅಂಟಿಸಿದ್ದ. ಖಾಲಿ ರಿವಾಲ್ವರಿನ ಕೊಳವೆಯ ಮೇಲೆ ಒಂದು ಹೋಳು ಹುರಿಗಡಲೆ ಇಟ್ಟುಕೊಂಡು, ಗುಂಡಿಗೆ ಗುರಿ ಹಿಡಿದು ಬೆರಳಿನಿಂದ ಅದರ ಕುದುರೆ ಎಳೆಯುತ್ತಿದ್ದ. ಟಿಕ್ ಎನ್ನುತ್ತಿತ್ತು. ಕಡಲೆ ಬೀಳಬಾರದು. ಬೀಳದಿದ್ದರೆ ಅದನ್ನು ಬಾಯಿಗೆ ಹಾಕಿಕೊಂಡು ಇನ್ನೊಂದು ಇಡುತ್ತಿದ್ದ.

"ಎಣ್ಣೆ ಗ್ರೀಸು ಎಲ್ಲ ತಿಂತಿಯಲ್ಲಾ, ಒಟ್ಟೆ ಕೆಡಾಕಿಲ್ವಾ?" ಎಂದು ಅವ್ವ ಬೈಯುತ್ತಿದ್ದಳು.

"ಗೆದ್ದ ಕಡ್ಲೆ ಕಣವ್ವ. ಏನೂ ಆಗಕಿಲ್ಲ ಬುಡು" ಅನ್ನುತ್ತಿದ್ದ.

ಅವನಿಗೆ ಈ ಹುಚ್ಚು ಹಿಡಿದದ್ದು ಮದ್ದೂರಿನಲ್ಲಿ. ಅಲ್ಲಿ ಇದ್ದಾಗ ಒಂದು ದಿನ ಬಸ್‌ಸ್ಟ್ಯಾಂಡಿನೊಳಕ್ಕೆ ಹುಚ್ಚುನಾಯಿ ನುಗ್ಗಿತಂತೆ. ಇವನು ಸೊಂಟಕ್ಕೆ ಕೈ ಹಾಕಿದ. ಚರ್ಮದ ಒರೆಯ ಮುಚ್ಚಳ ಬಿಚ್ಚಲಿಲ್ಲ. ಮಳೆಗೆ ನೆನೆದು ಬಿಸಿಲಿಗೆ ಒಣಗಿ ಸೆಟೆದುಕೊಂಡಿತ್ತು. ಎರಡು ಕೈಯಲ್ಲಿ ಎಳೆದು ಬಿಚ್ಚುವಷ್ಟರಲ್ಲಿ ನಾಯಿ ಹೂ ಮಾರುವ ಹೆಂಗಸಿನ ಕಾಲು ಕಚ್ಚಿಯಾಗಿತ್ತು. ಆ ಹೆಂಗಸನ್ನು ಅಣ್ಣಯ್ಯ ಹದಿನಾಲ್ಕು ದಿನವೂ ತಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಹೊಕ್ಕುಳ ಸುತ್ತ ಇಂಜೆಕ್ಷನ್ನು ಕೊಡಿಸಿದ. ಅವಳು ಬದುಕಿಕೊಂಡಳು. ಮಳವಳ್ಳಿಗೆ ಬಂದ ಮೇಲೂ ನಮ್ಮ ಕಡೆಯವರು ಯಾರಾದರೂ ಮದ್ದೂರಿಗೆ ಹೋದರೆ ಅವನಿಗೆಂದು ಒಂದು ಮಾರು ಕನಕಾಂಬರ ಕಳಿಸುತ್ತಿದ್ದಳು. ಅದನ್ನು ಏನು ಮಾಡಬೇಕೋ ತಿಳಿಯದೆ ರೇಡಿಯೋಗೆ ಸುತ್ತುತ್ತಿದ್ದ.

ಹಾಗೆಂದು ಕಂಡಕಂಡಲ್ಲಿ ರಿವಾಲ್ವರು ತೆಗೆಯುವವನಲ್ಲ. ಕಿರುಗಾವಲಿನ ಹತ್ತಿರ ಗದ್ದೆಗೆ ನೀರು ತಿರುಗಿಸುವ ಜಗಳದಲ್ಲಿ ಒಬ್ಬ ಮಚ್ಚು ಎತ್ತಿಕೊಂಡು ನಿಂತಿದ್ದಾಗ, ಇವನು ಅವನ ಹತ್ತಿರ ಹೋಗಿ ನೀರು ಯಾವ ಕಡೆಯಿಂದ ಬರುತ್ತದೆ, ತೂಬು ಎಲ್ಲಿ, ಸರದಿ ಯಾರದು ಎಂದು ಕೇಳುತ್ತಾ ಕೇಳುತ್ತಾ ಜೇಬಿನಿಂದ ಕಡಲೆ ತೆಗೆದು ಅವನ ಮುಂದೆ ಹಿಡಿದನಂತೆ. ಅವನು ಇಸಿದುಕೊಳ್ಳಲು ಕೈ ಬದಲಾಯಿಸಿದಾಗ ಮಚ್ಚು ಇವನ ಕೈಗೆ ಬಂದಿತ್ತು. ಅವನ ಠಾಣೆಯ ದಫೇದಾರರು ಬಂದು ಹೇಳಿದಾಗ ನಾವೆಲ್ಲ ನಕ್ಕೆವು. ಅಣ್ಣಯ್ಯ ನಗಲಿಲ್ಲ. "ತೆಗೆಯೋ ಹಂಗೆ ಆಗಬಾರ್ದು. ತೆಗೆದ್ರೆ ಮಾತ್ರ ಬರಬೇಕು" ಅಂದ. ರಿವಾಲ್ವರಿನ ಬಗ್ಗೆ ಅವನಿಗಿದ್ದ ತಿಳುವಳಿಕೆಯೆಲ್ಲ ಅಷ್ಟೇ.

ವರ್ಷಕ್ಕೊಂದು ಸಲ ಮಂಡ್ಯದಲ್ಲಿ ಇವರಿಗೆ ಗುರಿ ಹೊಡೆಯುವ ಪಂದ್ಯ ಇರುತ್ತಿತ್ತು. ಪಂದ್ಯಕ್ಕೆಂದು ಉಗ್ರಾಣದಿಂದ ಹೊಸ ರಿವಾಲ್ವರು ಕೊಡುತ್ತಿದ್ದರು. ಕೆಲವು ಅಧಿಕಾರಿಗಳು ಉದ್ದ ಕೊಳವೆಯ ಸ್ವಂತದ್ದನ್ನು ವೆಲ್ವೆಟ್ಟಿನ ಪೆಟ್ಟಿಗೆಯಲ್ಲಿ ತರುತ್ತಿದ್ದರು. ಒಂದೇ ಕಡೆ ನಿಂತು, ಎಡಗೈಯನ್ನು ಜೇಬಿಗೆ ಬಿಟ್ಟುಕೊಂಡು, ಉಸಿರು ಬಿಗಿಹಿಡಿದು ಕಾಗದಕ್ಕೆ ಹೊಡೆಯಬೇಕು. ಅಣ್ಣಯ್ಯ ಮಾತ್ರ ಸೊಂಟದಲ್ಲಿರುವುದನ್ನೇ ತೆಗೆದು ಹೊಡೆದು ಏಳನೆಯವನೋ ಎಂಟನೆಯವನೋ ಆಗಿ ಬರುತ್ತಿದ್ದ. ಮಂಡ್ಯದ ಒಬ್ಬರು ಇನ್‌ಸ್ಪೆಕ್ಟರು ಪ್ರತಿವರ್ಷ ಗೆಲ್ಲುತ್ತಿದ್ದರು. ಅವರು ಒಂದು ಸಲ ಇವನ ಬೆನ್ನು ತಟ್ಟಿ, "ಉಳೋ ಎತ್ತ ತಂದು ಓಟಕ್ಕೆ ಬುಟ್ಟಿದ್ದೀರಲ್ರೀ" ಅಂದರಂತೆ. "ಓಡೋ ಎತ್ತು ನಾಳೆ ಬೆಳಿಗ್ಗೆ ಉಳಾಕೆ ಬತ್ತದಾ ಸಾರ್?" ಅಂದನಂತೆ ಇವನು. ಇಬ್ಬರೂ ನಕ್ಕರಂತೆ. ಮನೆಗೆ ಬಂದು ಹೇಳುವಾಗ ಇವನ ಮುಖದಲ್ಲಿ ಆ ನಗು ಇರಲಿಲ್ಲ.

ತುರ್ತುಪರಿಸ್ಥಿತಿ ಬರುವುದಕ್ಕೆ ಹಿಂದಿನ ವರ್ಷ ಜಿಲ್ಲೆಗೆ ಹೊಸ ಎಸ್ಪಿ ಸಾಹೇಬರು ಬಂದರು. ಅಣ್ಣಯ್ಯ ಅವರಿಗೆ ಎರಡು ಪುಟದ ಅರ್ಜಿ ಬರೆದ. ಕರಡನ್ನು ನನಗೆ ಓದಿ ಹೇಳಿದ್ದರಿಂದ ನನಗೆ ನೆನಪಿದೆ. ಪಂದ್ಯಕ್ಕೆ ಬರುವವನು ದಿನಾ ಕಟ್ಟಿಕೊಳ್ಳುವ ಬೆಲ್ಟು, ದಿನಾ ಹಾಕುವ ಬಟ್ಟೆ, ದಿನಾ ಸೊಂಟದಲ್ಲಿರುವ ರಿವಾಲ್ವರಿನಲ್ಲೇ ಬರಬೇಕು. ಕೈಯಲ್ಲಿ ಹಿಡಿದುಕೊಂಡು ನಿಲ್ಲುವಂತಿಲ್ಲ, ಒರೆಯಿಂದ ತೆಗೆಯಬೇಕು. ನಡೆಯುತ್ತಾ ಹೊಡೆಯಬೇಕು, ಮರೆಯಲ್ಲಿ ಕೂತು ಹೊಡೆಯಬೇಕು, ಗುಂಡು ಖಾಲಿಯಾದರೆ ಅಲ್ಲೇ ತುಂಬಿಕೊಂಡು ಮತ್ತೆ ಹೊಡೆಯಬೇಕು. ಹಾಗೆ ಮಾಡಿದರೆ ಯಾರ ಒರೆ ಸೆಟೆದಿದೆ, ಯಾರ ಗುಂಡು ಕಿಲುಬು ಹಿಡಿದಿದೆ ಎನ್ನುವುದು ಬಯಲಲ್ಲೇ ಗೊತ್ತಾಗುತ್ತದೆ, ಬಸ್‌ಸ್ಟ್ಯಾಂಡಿನಲ್ಲಿ ಗೊತ್ತಾಗುವುದು ತಪ್ಪುತ್ತದೆ. ಹೀಗೆ ಬರೆದಿದ್ದ.

ಸಾಹೇಬರು ಕರೆಸಿ ಮಾತಾಡಿದರು. ಈ ಸಲ ದಸರಾ ಮುಗಿದ ಮೇಲೆ ನಿನ್ನ ಲೆಕ್ಕದಲ್ಲೇ ನಡೆಸೋಣ, ಸರಿಹೋದರೆ ಪ್ರತಿವರ್ಷ ಹೀಗೇ, ಜಿಲ್ಲೆಗೆಲ್ಲ ಇದನ್ನು ಕಲಿಸುವುದಕ್ಕೆ ನಿನ್ನನ್ನೇ ಮಂಡ್ಯಕ್ಕೆ ಹಾಕಿಸಿಕೊಳ್ಳುತ್ತೇನೆ ಎಂದರಂತೆ. ಅವತ್ತು ಅಣ್ಣಯ್ಯ ಸೈಕಲ್ಲಿಗೆ ಸ್ಟ್ಯಾಂಡು ಹಾಕುವುದನ್ನು ಮರೆತು ಒಳಗೆ ಬಂದ. ಸೈಕಲ್ಲು ಹಿಂದೆ ದಡಾರನೆ ಬಿತ್ತು. ಕಲಿಸುವ ಕೆಲಸ ಅವನಿಗೆ ಬಹಳ ಆಸೆ. ಠಾಣೆಯ ಪೇದೆಗಳಿಗೆ ಮರದ ರಿವಾಲ್ವರು ಕೊಟ್ಟು ಸಾಲು ನಿಲ್ಲಿಸಿ ಕಲಿಸುತ್ತಿದ್ದವನು.

ನನಗೂ ಆಸೆ ಹುಟ್ಟಿತು. ಮಂಡ್ಯಕ್ಕೆ ಹೋದರೆ ಈ ಸಾಲುಮನೆ ಬಿಟ್ಟು ಹೋಗಬಹುದು. ಅಲ್ಲಿ ಬಾಗಿಲು ಮುಂದೆ ಮಾಡಿಕೊಳ್ಳುವವರು ಇರಲಾರರು ಎಂದುಕೊಂಡೆ. ಗೆಲ್ಲಲಿ ಎಂದು ನಾನು ಬಯಸಿದ್ದು ಅವನಿಗೋಸ್ಕರ ಮಾತ್ರವಲ್ಲ.

ಆ ದಸರಾದಲ್ಲಿ ಅತ್ತಿಗೆ ಬಾಣಂತನಕ್ಕೆ ತವರುಮನೆ ಬಸರಾಳಿಗೆ ಹೋಗಿದ್ದರು. ಮನೆಯಲ್ಲಿ ಅವ್ವ, ನಾನು, ಅಣ್ಣಯ್ಯ ಮೂವರೇ. ಆಯುಧಪೂಜೆಯ ದಿನ ಠಾಣೆಯಲ್ಲಿ ಕೋವಿ, ಲಾಠಿ, ಬೇಡಿ, ಜೀಪು ಎಲ್ಲಕ್ಕೂ ಪೂಜೆ. ಕುಂಕುಮ ತುಂಬಿದ ಕುಂಬಳಕಾಯಿ ಒಡೆದು ಬಾಗಿಲೆಲ್ಲ ಕೆಂಪಾಗಿತ್ತು. ಅಣ್ಣಯ್ಯನ ರಿವಾಲ್ವರಿಗೆ ಮಾತ್ರ ಪೂಜೆ ಇಲ್ಲ. ಯಾವ ವರ್ಷವೂ ಇಲ್ಲ. ಕುಂಕುಮ ಗಂಧ ಒಳಕ್ಕೆ ಇಳಿದರೆ ಕಬ್ಬಿಣ ತಿನ್ನುತ್ತದೆ, ದಿನಾ ಉಜ್ಜುತ್ತೇನಲ್ಲ, ಅದೇ ಪೂಜೆ ಎನ್ನುತ್ತಿದ್ದ. ಅದನ್ನು ಕಟ್ಟಿಕೊಂಡೇ ಬಂದೋಬಸ್ತಿಗೆ ಮೈಸೂರಿಗೆ ಹೊರಟುಹೋದ. ದಫೇದಾರರ ಹೆಂಡತಿ ನಮ್ಮ ಬಾಗಿಲಲ್ಲಿ ನಿಂತು, "ಎಲ್ಲಾರ್ದೂ ಆಯ್ತು, ನಿಮ್ಮ ಅಯ್ಯನೋರ್ದೇ ಇಲ್ಲ ಕಣವ್ವ. ಪಂದ್ಯದ ವರ್ಸ ಬೇರೆ" ಎಂದು ಹೇಳಿ ಹೋದಳು. ಅವ್ವ ಆ ಮಾತನ್ನು ಎರಡು ದಿನ ಮೆಲುಕು ಹಾಕಿದಳು. ಅವಳಿಗಿಂತ ಹೆಚ್ಚಾಗಿ ನಾನು.

ವಿಜಯದಶಮಿ ಕಳೆದ ಎರಡನೇ ದಿನ ಪಂದ್ಯ. ಹಿಂದಿನ ಸಂಜೆ ಅವನು ಬಂದು, ರಿವಾಲ್ವರನ್ನು ಎರಡು ಸಲ ಉಜ್ಜಿ, ಗುಂಡು ತುಂಬದೆ ಬಿಳೀ ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿ ಇಟ್ಟ. ಪಂದ್ಯದ ದಿನ ಇನ್ನು ಅದನ್ನು ಬಿಚ್ಚುವುದು ಬಯಲಲ್ಲೇ, ಮತ್ತೆ ಮತ್ತೆ ಮುಟ್ಟಿದರೆ ಕೈ ಅಂಜುತ್ತದೆ ಎಂದ.

ಬೆಳಿಗ್ಗೆ ಅವನು ಸ್ನಾನಕ್ಕೆ ಹೋದ. ಅವ್ವ ಹಾಲು ತರಲು ಹೋಗಿದ್ದಳು. ದೇವರ ಮುಂದೆ ಪೂಜೆಯ ತಟ್ಟೆಯಲ್ಲಿ ಅರಿಸಿನ ಹಚ್ಚಿದ ಅಕ್ಷತೆ, ಸ್ವಲ್ಪ ಗಂಧ, ಕುಂಕುಮ ಉಳಿದಿತ್ತು. ಗಂಡ ಸತ್ತ ಮೇಲೆ ನಾನು ಆ ತಟ್ಟೆ ಮುಟ್ಟಿರಲಿಲ್ಲ. ಮುಟ್ಟಬಾರದು ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಗೂಡಿನಿಂದ ಗಂಟು ತೆಗೆದೆ. ಬಿಚ್ಚಿ, ಗುಬುಟು ಒತ್ತಿ ತೆರೆದೆ. ಹೊರಗೆ ಬೊಟ್ಟು ಇಟ್ಟರೆ ಕಾಣುತ್ತದೆ, ಒಳಗೆ ಇಟ್ಟರೆ ಯಾರಿಗೂ ಕಾಣುವುದಿಲ್ಲ ಎಂದು ನನ್ನ ಬುದ್ಧಿಗೆ ತೋಚಿತು. ಕೊಳವೆ ಬಾಗುವ ಸಂದಿಯಲ್ಲಿ ಗಂಧದ ಒಂದು ಬೊಟ್ಟು, ಅದರ ಮೇಲೆ ಒಂದು ಚಿಟಿಕೆ ಕುಂಕುಮ ಇಟ್ಟೆ. ನಾಲ್ಕು ಕಾಳು ಅಕ್ಷತೆ ಹಾಕಿ, ನಮ್ಮಣ್ಣನ ಕೈಬಿಡಬೇಡ ಎಂದು ಆ ಕಬ್ಬಿಣಕ್ಕೆ ಕೈಮುಗಿದೆ. ಬಚ್ಚಲಲ್ಲಿ ನೀರಿನ ಸದ್ದು ನಿಂತಿತು. ಬೋರಲು ಮಾಡಿ ಕೊಡವಿದೆ. ಹೊರಗೆಲ್ಲ ಸೆರಗಿನಿಂದ ಒರೆಸಿದೆ. ಕೆಳಗೆ ಬಿದ್ದ ಕಾಳುಗಳನ್ನು ಆರಿಸಿಕೊಂಡು ಮುಚ್ಚಿ ಸುತ್ತಿ ಇಟ್ಟುಬಿಟ್ಟೆ.

ನಾನು ಹಾಕಿದ್ದು ನಾಲ್ಕು ಕಾಳು. ಆರಿಸಿಕೊಂಡದ್ದು ಮೂರು. ಗೊತ್ತಿತ್ತು. ಇನ್ನೊಂದು ಎಲ್ಲೋ ನೆಲದ ಸಂದಿಗೆ ಹೋಗಿರಬೇಕು ಎಂದುಕೊಂಡೆ. ಅವನು ತಲೆ ಒರೆಸಿಕೊಳ್ಳುತ್ತಾ ಬಂದಾಗ ಅಣ್ಣಯ್ಯ, ಒಂದು ಸಲ ತೆಗೆದು ನೋಡು ಎಂದು ಹೇಳಬಹುದಾಗಿತ್ತು. ಹೇಳಲಿಲ್ಲ. ಎಂದಿನ ಹಾಗೆ ನನ್ನ ಕೈಯಿಂದ ನೀರು ಕುಡಿದ.

ಪಂದ್ಯ ನಡೆದದ್ದು ಮಂಡ್ಯದ ಹೊರಗೆ ಒಂದು ಕಲ್ಲುಗುಡ್ಡದ ಬುಡದಲ್ಲಿ. ಮನೆಯವರೂ ಬರಬಹುದು ಎಂದಿದ್ದರಿಂದ ಅವ್ವ, ನಾನು ಹುಣಿಸೆಮರದ ಕೆಳಗೆ ಬೇರೆ ಹೆಂಗಸರ ಜೊತೆ ಕೂತೆವು. ಬಯಲಲ್ಲಿ ಒಂದು ಎತ್ತಿನಗಾಡಿ, ನಾಲ್ಕು ಟಾರಿನ ಡ್ರಮ್ಮು, ಅಲ್ಲಲ್ಲಿ ಹುಲ್ಲು ತುಂಬಿದ ಗೋಣಿಚೀಲ, ಚೀಲದ ಮೇಲೆ ದುಂಡನೆಯ ಕಾಗದ. ನಡೆದು ಬರುತ್ತಾ ಆರು ಹೊಡೆಯಬೇಕು. ಗಾಡಿಯ ಮರೆಯಲ್ಲಿ ಕೂತು ಗುಂಡು ತುಂಬಿ ಮತ್ತೆ ಆರು.

ಅಣ್ಣಯ್ಯ ಬರೆದದ್ದು ನಿಜವಾಗುತ್ತಾ ಹೋಯಿತು. ಒಬ್ಬರ ಒರೆ ಬಿಚ್ಚಲೇ ಇಲ್ಲ. ಇನ್ನೊಬ್ಬರ ಗುಂಡುಗಳು ಬೆಲ್ಟಿನ ಚರ್ಮಕ್ಕೆ ಹಸಿರಾಗಿ ಅಂಟಿಕೊಂಡು ಹಲ್ಲಿನಲ್ಲಿ ಕಚ್ಚಿ ಎಳೆಯಬೇಕಾಯಿತು. ಮೂರನೆಯವರು ಕೂರಲು ಹೋದಾಗ ಷರಾಯಿ ಹರಿಯಿತು. ನೋಡುವವರಿಗೆ ನಗುವೋ ನಗು. ಪ್ರತಿವರ್ಷ ಗೆಲ್ಲುವ ಇನ್‌ಸ್ಪೆಕ್ಟರು ಮೊದಲ ಆರರಲ್ಲಿ ಎರಡು ತಪ್ಪಿಸಿದರು. ಸಾಹೇಬರು ಅಣ್ಣಯ್ಯನ ಕಡೆ ನೋಡಿ ತಲೆ ಆಡಿಸಿದ್ದು ಅಷ್ಟು ದೂರದಿಂದ ನನಗೂ ಕಂಡಿತು.

ಅವನ ಸರದಿ ಬಂತು. ಅವನು ಓಡಲಿಲ್ಲ. ಪೂರಿಗಾಲಿಯಲ್ಲಿ ಗದ್ದೆಯ ಬದುವಿನ ಮೇಲೆ ನಡೆಯುವ ಹಾಗೆ ನಡೆದ. ರಿವಾಲ್ವರು ಯಾವಾಗ ಒರೆಯಿಂದ ಕೈಗೆ ಬಂತು ಎಂದು ಯಾರಿಗೂ ಕಾಣಲಿಲ್ಲ. ಆರು ಹೊಡೆದ. ಆರೂ ಕಾಗದದ ನಡುವಿಗೆ. ಜನ ಚಪ್ಪಾಳೆ ತಟ್ಟಿದರು. ಗಾಡಿಯ ಹಿಂದೆ ಕೂತು ರಿವಾಲ್ವರು ತೆರೆದ, ಖಾಲಿ ಚಿಪ್ಪು ಚಿಮ್ಮಿದವು, ಹೊಸ ಆರು ಒಳಕ್ಕೆ ಹೋದವು. ಮುಚ್ಚಿದ.

ಮುಚ್ಚಿಕೊಳ್ಳಲಿಲ್ಲ.

ಮತ್ತೆ ತೆರೆದು ಮುಚ್ಚಿದ. ಒಂದು ಉಗುರಿನಷ್ಟು ಸಂದಿ ಉಳಿದೇ ಉಳಿಯಿತು. ಮೊಣಕಾಲಿಗೆ ಒತ್ತಿ ಮುಚ್ಚಬಹುದಿತ್ತೋ ಏನೋ. ಅವನು ಒತ್ತಲಿಲ್ಲ. ಗುಂಡುಗಳನ್ನು ಹೊರಕ್ಕೆ ಸುರಿದು, ರಿವಾಲ್ವರನ್ನು ಗಾಡಿಯ ಮೂಕಿಯ ಮೇಲೆ ಇಟ್ಟು ಎದ್ದು ನಿಂತ. "ಆಗ್ತಿಲ್ಲ ಸಾರ್" ಅಂದ. ಆ ಇನ್‌ಸ್ಪೆಕ್ಟರು ಪಕ್ಕದವರಿಗೆ, "ಉಳೋ ಎತ್ತು ಮಲಗ್ಬುಡ್ತು" ಅಂದರು. ಎಲ್ಲರಿಗೂ ಕೇಳಿಸಿತು.

ಆಯುಧ ರಿಪೇರಿ ಮಾಡುವವನು ಬಂದು, ಆ ಹೂವಿನಂಥ ತಗಡಿನ ಕೆಳಗೆ ದಬ್ಬಣ ಹಾಕಿ ಕೆದಕಿದ. ಏನೋ ಪುಡಿಯಾಗಿ ಬಂತು. ಅಂಗೈಯಲ್ಲಿ ಹಾಕಿಕೊಂಡು ಸಾಹೇಬರಿಗೆ ತೋರಿಸಿದ. ಅವರು ಇದೇನ್ರೀ ಎಂದು ಕೇಳಿದರು. ಅಣ್ಣಯ್ಯ ಬಗ್ಗಿ ನೋಡಿದ. ಆಮೇಲೆ ಷರಾಯಿ ಜೇಬಿಗೆ ಕೈಹಾಕಿ ನಾಲ್ಕು ಹುರಿಗಡಲೆ ತೆಗೆದು ಅವರ ಮುಂದೆ ಹಿಡಿದ.

"ಇದೇ ಇರಬೇಕು ಸಾರ್. ಹಳದಿ ಹಿಟ್ಟು. ತಪ್ಪು ನಂದೇ."

ಜನ ಬಿದ್ದು ಬಿದ್ದು ನಕ್ಕರು. ಅವ್ವನಿಗೆ ದೂರಕ್ಕೆ ಕೇಳಿಸಿರಲಿಲ್ಲ. "ಏನಂತಮ್ಮಿ, ಏನಂತೆ?" ಎಂದು ನನ್ನ ತೋಳು ಹಿಡಿದು ಕೇಳಿದಳು. ಏನೋ ಕಸ ಅಂತೆ ಎಂದೆ. ನನಗೆ ನಾಲ್ಕನೇ ಕಾಳು ಸಿಕ್ಕಿತ್ತು. ಗಂಧಕ್ಕೆ ಅಂಟಿಕೊಂಡಿದ್ದದ್ದು ಆರು ಗುಂಡಿನ ಕಾವಿಗೆ ಗಂಧ ಒಣಗಿ ಕಳಚಿ, ತಗಡು ಮೇಲೆದ್ದಾಗ ಅದರ ಕೆಳಕ್ಕೆ ಬಿದ್ದಿತ್ತು. ಎದ್ದು ಹೋಗಿ ಹೇಳಲು ಇಪ್ಪತ್ತು ಮಾರು ದೂರವೂ ಇರಲಿಲ್ಲ. ಆದರೆ ಹೇಳಿದರೆ ಏನಾಗುತ್ತದೆ ಎನ್ನುವುದು ಪಕ್ಕದಲ್ಲಿ ಕೂತಿದ್ದ ಹೆಂಗಸರ ಮುಖ ನೋಡಿದರೆ ತಿಳಿಯುತ್ತಿತ್ತು. ಮುಂಡೆ ಕೈ ಬಿತ್ತು, ಅದಕ್ಕೇ ಕೆಟ್ಟಿತು ಎನ್ನುತ್ತಿದ್ದರು. ಅಂದರೆ ಅನ್ನಲಿ ಎನ್ನುವ ಧೈರ್ಯ ನನಗೆ ಇರಲಿಲ್ಲ, ಯಾಕೆಂದರೆ ನನಗೂ ಹಾಗೇ ಅನ್ನಿಸಿಬಿಟ್ಟಿತ್ತು. ಕೂತೇ ಇದ್ದೆ.

ಆ ಲೆಕ್ಕದ ಪಂದ್ಯ ಮತ್ತೆ ನಡೆಯಲಿಲ್ಲ. ಮುಂದಿನ ವರ್ಷ ಮತ್ತೆ ವೆಲ್ವೆಟ್ಟಿನ ಪೆಟ್ಟಿಗೆಗಳು ಬಂದವು. ದಿನಾ ಕಟ್ಟಿಕೊಂಡು ತಿರುಗುವುದು ಪಂದ್ಯಕ್ಕೆ ಆಗುವುದಿಲ್ಲ ಎಂದು ಅವನೇ ತೋರಿಸಿಕೊಟ್ಟ ಹಾಗಾಯಿತು ಎಂದರು. ಮಂಡ್ಯದ ಮಾತು ಯಾರೂ ಎತ್ತಲಿಲ್ಲ. ಹುರಿಗಡ್ಲೆ ಸಬ್‌ಇನ್‌ಸ್ಪೆಕ್ಟರು ಎನ್ನುವ ಹೆಸರು ಬಿತ್ತು, ಅವನು ಎಲ್ಲಿಗೆ ವರ್ಗವಾದರೂ ಅವನಿಗಿಂತ ಮುಂಚೆ ಹೋಗಿರುತ್ತಿತ್ತು. ಅವತ್ತು ಸಂಜೆ ಮನೆಗೆ ಬಂದವನೇ ಕಡಲೆಯ ಡಬ್ಬವನ್ನು ದಫೇದಾರರ ಮಕ್ಕಳಿಗೆ ಕೊಟ್ಟುಬಿಟ್ಟ. ಜೇಬನ್ನು ತಾನೇ ಹೊರಕ್ಕೆ ತೆಗೆದು ಕೊಡವಿ, ಇದನ್ನು ಹೊಲಿದುಬಿಡು ಎಂದು ನನಗೆ ಷರಾಯಿ ಕೊಟ್ಟ. ಬಾಯಿ ಮುಚ್ಚಿಕೊಂಡು ನಾನೇ ಹೊಲಿದೆ.

"ಪೂಜೆ ಇಲ್ದೆ ತಕ್ಕಂಡೋದೆ. ಅದ್ಕೇ ಅದು ಕೈಕೊಡ್ತು ಮಗ" ಎಂದಳು ಅವ್ವ.

ಬೇರೆ ದಿನವಾಗಿದ್ದರೆ ಅವ್ವನ ಬಾಯಿ ಮುಚ್ಚಿಸುವ ಹಾಗೆ ಏನಾದರೂ ಹೇಳುತ್ತಿದ್ದ. ಅವತ್ತು, "ಇದ್ರೂ ಇರಬೋದು ಕಣವ್ವ" ಅಂದ. ಪೂಜೆಯಾದದ್ದರಿಂದಲೇ ಅದು ಕೈಕೊಟ್ಟಿತು ಎಂದು ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಮಾರನೇ ವರ್ಷ ಆಯುಧಪೂಜೆಯ ದಿನ ಅವನು ಸೊಂಟದಿಂದ ರಿವಾಲ್ವರು ಬಿಚ್ಚಿ ಖಾಲಿ ಮಾಡಿ ದೇವರ ಮುಂದೆ ಮಣೆಯ ಮೇಲೆ ಇಟ್ಟ. ಅವ್ವನ ಮುಖ ಅರಳಿತು. ಅತ್ತಿಗೆ ಮಗುವನ್ನು ಎತ್ತಿಕೊಂಡು ನಿಂತಿದ್ದರು. ದಫೇದಾರರ ಹೆಂಡತಿಯೂ ಬಂದಿದ್ದಳು. ಅವ್ವ ತಟ್ಟೆ ಎತ್ತಿಕೊಳ್ಳಲು ಹೋದಾಗ ಅಣ್ಣಯ್ಯ ಬೇಡ ಎಂದ. ಬಾಗಿಲ ಮರೆಯಲ್ಲಿದ್ದ ನನ್ನನ್ನು ಕರೆದ.

"ನೀನು ಇಡಮ್ಮಿ."

ಪೂಜೆ ಆಗಲೇಬೇಕು ಎಂದಾದರೆ ತಂಗ್ಯವ್ವನ ಕೈಯಿಂದಲೇ ಆಗಲಿ ಎಂದು ಅವನು ನಿಶ್ಚಯ ಮಾಡಿಕೊಂಡು ಬಂದಿದ್ದ. ಕುಂಕುಮ ತೆಗೆದುಕೊಂಡವಳು ಅದನ್ನು ಮಣೆಯ ಮೇಲೆಲ್ಲ ಚೆಲ್ಲಿಬಿಟ್ಟೆ. ಹೆಂಗಸರಿಗೆ ಅಂಜಿದ್ದಾಳೆ ಎಂದುಕೊಂಡ. ಮಣಿಕಟ್ಟು ಹಿಡಿದುಕೊಂಡು, ಆ ಕಬ್ಬಿಣದ ಮೇಲೆ ಅಕ್ಷತೆ ಹಾಕಿಸಿದ. ಆಗಲೂ ನಾನು ಹೇಳಲಿಲ್ಲ.

ಮಾರನೇ ಬೆಳಿಗ್ಗೆ ಜಗುಲಿಯಲ್ಲಿ ಬನಿಯನ್ನು ಹಾಸಿ ಉಜ್ಜಲು ಕೂತ. ನಾನು ಎಂದಿನಂತೆ ಅಕ್ಕಿ ಆರಿಸುತ್ತಿದ್ದೆ. ಸಂದಿಯಲ್ಲಿ ಒಂದು ಕಾಳು ಸಿಕ್ಕಿತು. ಸೂಜಿಯಿಂದ ಎಬ್ಬಿಸಿ ಹೆಬ್ಬೆರಳಿನ ಉಗುರಿನ ಮೇಲೆ ಇಟ್ಟುಕೊಂಡ. ಇನ್ನೊಂದು ಉಗುರಿನಿಂದ ಅದುಮಿದ. ಪುಡಿಯಾಯಿತು. ಬಿಸಿಲಿಗೆ ಹಿಡಿದು ನೋಡಿದ. ಹಳದಿ ಹಿಟ್ಟು. ಬಹಳ ಹೊತ್ತು ನೋಡಿದ. ಆಮೇಲೆ ಬಾಯಿಂದ ಊದಿ ಹಾರಿಸಿ, ಬ್ರಷ್ಷು ಎತ್ತಿಕೊಂಡ. ನನ್ನ ಕಡೆ ತಿರುಗಲಿಲ್ಲ. ನಾನು ತಲೆ ಎತ್ತಲಿಲ್ಲ.

ಅವನಿಗೆ ತಿಳಿಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ತಿಳಿದಿದ್ದರೆ ಮತ್ತೆ ಕಡಲೆ ತಿನ್ನುತ್ತಿದ್ದ ಎಂದು ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡೆ. ಮತ್ತೆ ತಿಂದರೆ, ಅವತ್ತು ಸಿಕ್ಕಿದ್ದು ಕಡಲೆ ಅಲ್ಲದಿದ್ದರೆ ಮತ್ತೇನು ಎಂದು ಯಾರಾದರೂ ಕೇಳುತ್ತಾರೆ ಎಂದೇ ತಿನ್ನಲಿಲ್ಲವೇನೋ ಎಂದು ಈಚೆಗೆ ಅನ್ನಿಸುತ್ತದೆ. ಹೇಗಾದರೂ ಇರಲಿ, ಕೇಳಬೇಕಾಗಿದ್ದವಳು ನಾನು. ಅವನು ಕೆಲಸದಿಂದ ನಿವೃತ್ತನಾಗಿ ರಿವಾಲ್ವರು ಒಪ್ಪಿಸಿ, ಮಳವಳ್ಳಿಗೇ ಬಂದು ನೆಲೆಸಿದ ದಿನ ಕೇಳಬಹುದಾಗಿತ್ತು. ಕೊನೆಗೆ ಹಾಸಿಗೆ ಹಿಡಿದ ಮೂರು ತಿಂಗಳೂ ಅವನ ಬಾಯಿಗೆ ನೀರು ಬಿಟ್ಟವಳು ನಾನೇ. ಆಗಲೂ ಕೇಳಲಿಲ್ಲ. ಅಕ್ಕಿ ಹಾಕುವ ಹೊತ್ತಿಗೆ ನನ್ನ ಕೈ ಮೇಲೇಳಲಿಲ್ಲ, ಅಷ್ಟೇ.

ಮೂರನೇ ದಿನ ಹಾಲುತುಪ್ಪ ಬಿಡುವುದಕ್ಕೆ ಅವನನ್ನು ಮಣ್ಣುಮಾಡಿದ ಗದ್ದೆಗೆ ಹೋಗುವಾಗ, ಅವನಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಡಬೇಕು ಎಂದು ಮಕ್ಕಳು ಮಾತಾಡಿಕೊಂಡರು. ಮುದ್ದೆ, ಬಸ್ಸಾರು, ಒಬ್ಬಟ್ಟು ಎಂದರು. ನಾನು ಮಳವಳ್ಳಿ ಬಸ್‌ಸ್ಟ್ಯಾಂಡಿನವರೆಗೆ ನಡೆದುಹೋಗಿ ಹುರಿಗಡಲೆ ತಂದಿದ್ದೆ. ಎಲೆಯ ಬಲಗಡೆ ಒಂದು ಹಿಡಿ ಇಟ್ಟೆ. ಆ ದಸರಾದಲ್ಲಿ ಬಸರಾಳಿನಲ್ಲಿ ಹುಟ್ಟಿದ ಮಗ ನನ್ನ ಪಕ್ಕದಲ್ಲೇ ಇದ್ದ. ಅಪ್ಪ ಕಡಲೆ ತಿಂದದ್ದನ್ನು ಅವನು ಒಂದು ದಿನವೂ ನೋಡಿದವನಲ್ಲ.

"ಅಪ್ಪ ಕಡ್ಲೆ ಮುಟ್ತಾನೇ ಇರ್ಲಿಲ್ವಲ್ಲ ಅತ್ತೆ?" ಅಂದ.

"ತಿಂತಿದ್ದ ಕಣಪ್ಪ" ಎಂದೆ. "ನಾನು ಬುಡಿಸ್ದೆ."